ಜರೀಗಿಡದ ಸೆರಗು

ಕೊಳ್ಳೇಗಾಲದ ರೇಷ್ಮೆ ಮಗ್ಗದ ಶೆಡ್ಡಿನಲ್ಲಿ ಸೀರೆಯ ಚಿತ್ರವನ್ನ ಮಗ್ಗಕ್ಕೆ ಇಳಿಸೋ ಗ್ರಾಫ್ ಹಾಳೆಯ ಚೌಕ ತುಂಬೋದು ನನ್ನ ಕೆಲಸ. ಚಿತ್ರ ಬೇರೆಯವರದು, ಬಣ್ಣ ತುಂಬೋ ಕೈ ಮಾತ್ರ ನಂದು. ನನ್ನದೇ ಒಂದು ಚಿತ್ರ ಸೀರೆಗೆ ಏರಿದರೆ ಡಿಸೈನ್ ಮೇಜಿಗೆ ಕೂರಿಸ್ತೀನಿ ಅಂತ ಯಜಮಾನರು ಹೇಳಿದ್ದರು. ಆ ಮೇಜಿಗೋಸ್ಕರ ನಾನು ಒದ್ದಾಡಿದ್ದು ಅಷ್ಟಿಷ್ಟಲ್ಲ.

ಯಳಂದೂರಿನ ಕಡೆಯಿಂದ ಬೆಟ್ಟ ಹತ್ತಿದಾಗ ಒಂದು ಜರೀಗಿಡದ ಎಲೆ ಕಿತ್ತು ತಂದೆ. ದೊಡ್ಡ ಗರಿಯೊಳಗೆ ಅದರದೇ ಆಕಾರದ ಚಿಕ್ಕ ಗರಿ, ಅದರೊಳಗೆ ಇನ್ನೂ ಚಿಕ್ಕದು. ಇದಕ್ಕೆ ಫ್ರ್ಯಾಕ್ಟಲ್ ಅಂತಾರೆ ಅಂತ ಮೊಬೈಲು ನೋಡಿ ತಿಳಿದದ್ದು ಆಮೇಲೆ. ಬಂಡಳ್ಳಿಯ ನಮ್ಮ ಮನೇಲಿ ಒಂದು ತಿಂಗಳು ಕೂತು ಸೀರೆಯ ಅಂಚಿಗೆ ಅಂತ ಅದನ್ನ ಗ್ರಾಫ್ ಹಾಳೇಲಿ ಬರೆದೆ. ಗರಿ ಕಿರಿದಾದಷ್ಟೂ ಚೌಕ ಸಾಲದು; ಎಲ್ಲಿ ನಿಲ್ಲಿಸಬೇಕು ಅನ್ನೋದೇ ಕಷ್ಟ.

ಹೊಸ ಹಾಳೆಯ ಮೊದಲ ಚೌಕ ಹಿರಿಯರು ತುಂಬಿ, ಮೂಲೇಲಿ ತಮ್ಮ ಹೆಸರಿನ ಮೊದಲ ಅಕ್ಷರ ಹಾಕೋದು ನಮ್ಮ ಶೆಡ್ಡಿನ ಪದ್ಧತಿ. ಆಶೀರ್ವಾದ ಇದ್ದಂಗೆ. ನನಗೆ ಕೆಲಸ ಕಲಿಸಿ, ದಿನಾ ನನ್ನ ಬುತ್ತಿ ಹಂಚಿಕೊಂಡು ತಿಂದಾಕೆಯನ್ನ ಅಕ್ಕ ಅಂತಿದ್ದೆ. ಮೊದಲ ಚೌಕ ಖಾಲಿ ಬಿಟ್ಟು ಹಾಳೆ ಅವರ ಕೈಗೇ ಕೊಟ್ಟೆ. "ಗರಿಯೊಳಗೊಂದು ಗರಿ ನೋಡಿ ಅಕ್ಕ" ಅಂತ ವಿವರಿಸಿಯೂ ಹೇಳಿದೆ. ನನ್ನ ಹೆಸರು ಬರೆಯೋದು ಹೊಳೀಲೇ ಇಲ್ಲ, ದಡ್ಡಿ.

ಹಾಳೆ ಮುಂದಿಟ್ಟಾಗ ಯಜಮಾನರು ಮೂಲೇಲಿ ಅಕ್ಕ ಹಾಕಿದ್ದ ಅಕ್ಷರ ನೋಡಿ, "ಇದು ನಿಂದೇನವ್ವಾ?" ಅಂತ ಅಕ್ಕನ್ನ ಕೇಳಿದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ. "ಊಂ ಸಾ, ನಂದೇಯಾ. ಗರಿಯೊಳಗೊಂದು ಗರಿ ಸಾ."

ನಾನು ಮುಂದೆ ಬಂದೆ. "ಸಾ, ಅದು ನಾನು ಬರ್ದಿದ್ದು" ಅಂದೆ. "ಕೆಲ್ಸ ಕಲ್ಸ್‌ದೋರ್ ಮ್ಯಾಲೆ ಅಂಗನ್ನಬಾರ್ದು ಕಣವ್ವ" ಅಂತ ಯಜಮಾನರು ನಕ್ಕರು. ಡಿಸೈನ್ ಮೇಜು ಅಕ್ಕನ ಪಾಲಾಯ್ತು. ಅಯ್ಯೋ, ನಂಬಿ ಕೆಟ್ಟೆ!

ವಾರ ಕಳೆದ ಮೇಲೆ ಅಕ್ಕ ಊಟದ ಹೊತ್ತಿಗೆ ಒಂದು ಹಾಳೆ ಹಿಡಿದು ಬಂದರು. ಸೆರಗಿಗೂ ಅದೇ ಜರೀಗಿಡ ಬೇಕು ಅಂದರಂತೆ ಯಜಮಾನರು. ಅವರು ಒಂದೇ ಅಳತೆಯ ಗರಿ ಸಾಲಾಗಿ ಜೋಡಿಸಿದ್ದರು, ಬಾಗಿಲ ತೋರಣದಂಗೆ.

"ಎಂಗೆ ಕಿರಿದು ಮಾಡಾದು, ತೋರ್ಸು ಕಣೇ. ಇಲ್ದಿದ್ರೆ ನನ್ ಮಾನ ಓಯ್ತದೆ."

"ನನ್ ಮಾನ ಓದಾಗ ಎಲ್ಲಿದ್ರಿ?" ಅಂತ ಕೂಗಿದೆ. ಮಗ್ಗದವರೆಲ್ಲ ತಿರುಗಿ ನೋಡಿದರು. ಅಕ್ಕ ತಲೆ ತಗ್ಗಿಸಿದರು, ಹಾಳೆ ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಆದರೂ ಆ ತಪ್ಪು ಗರಿ ಮಗ್ಗಕ್ಕೆ ಹೋಗೋದನ್ನ ನನ್ನ ಕೈಲಿ ನೋಡೋಕಾಗಲಿಲ್ಲ. ಬೈಕೊಂಡೇ ಹಾಳೆ ಕಿತ್ಕೊಂಡು ತಿದ್ದೋಕೆ ಕೂತೆ. ಮುಗಿಸಿ ತಲೆ ಎತ್ತಿದಾಗ ಅಕ್ಕ ಡಿಸೈನ್ ಮೇಜಿನ ಮುಂದೆ ಕೂತು, ನನ್ನ ಹಾಳೆಗೆ ಕಾಯ್ತಿದ್ದರು.