ಅಪ್ಪನ ಅಕ್ಷರ ಸಣ್ಣದಾದ ವರ್ಷಗಳು

ನನ್ನ ಅಪ್ಪ ಸಿದ್ದಾಪುರದ ಕಚೇರಿಯ ಎದುರು ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ನಮ್ಮದು ಮೂಲದಲ್ಲಿ ಬನವಾಸಿ ಕಡೆಯ ಮನೆತನ. ಊರು ಬಿಟ್ಟು ಬಂದರೂ ಮನೆಯ ಮಾತು ಆ ಕಡೆಯದೇ ಉಳಿದಿತ್ತು. ಅಪ್ಪನ ಅಕ್ಷರ ಎಷ್ಟು ದುಂಡಗಿತ್ತೆಂದರೆ, ಸಾಹೇಬರು ಮೊದಲು ಅವರು ಬರೆದ ಅರ್ಜಿಯನ್ನೇ ಓದುತ್ತಾರೆಂದು ಹಳ್ಳಿಯವರು ನಂಬಿದ್ದರು. ನಾನು ಚಿಕ್ಕವಳಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಹಾಗಾಗಿ ನನಗೆ ಜಡೆ ಹೆಣೆದದ್ದೂ, ರೊಟ್ಟಿ ತಟ್ಟಿ ಹಾಕಿದ್ದೂ ಅಪ್ಪನೇ.

ನಾನು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿ ಸೇರಿದ ವರ್ಷ ಅಪ್ಪನ ಬಲಗೈ ನಡುಗುವುದು ಎಲ್ಲರ ಕಣ್ಣಿಗೆ ಬಿತ್ತು. ಕೆಲಸ ಮಾಡುವಾಗ ಅಷ್ಟಿಲ್ಲ. ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡಾಗ, ಕಾಣದ ಜಪಮಣಿ ಎಣಿಸುವಂತೆ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಉಜ್ಜುತ್ತಿದ್ದವು. ನರದ ದೌರ್ಬಲ್ಯ ಎಂದು ಒಬ್ಬರು ಟಾನಿಕ್ ಕೊಟ್ಟರು. ದೃಷ್ಟಿಯಾಗಿದೆ ಎಂದು ಇನ್ನೊಬ್ಬರು ತಾಯಿತ ಕಟ್ಟಿದರು. ಅಪ್ಪ ಯಾವುದಕ್ಕೂ ಬೇಡವೆನ್ನಲಿಲ್ಲ, ಯಾವುದನ್ನೂ ನಂಬಲೂ ಇಲ್ಲ.

ಆ ದೀಪಾವಳಿಗೆ ಎದುರು ಮನೆಗೆ ಹೊಸ ಅಳಿಯ ಬಂದ. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಮೆದುಳಿನ ಕಾಯಿಲೆಗಳು ಯಾತಕ್ಕೆ ಬರುತ್ತವೆಂದು ಅಭ್ಯಾಸ ಮಾಡುತ್ತಿದ್ದ ಡಾಕ್ಟರು. ಅತ್ತೆ ಮನೆಯವರು ಎಲೆ ಹಾಕಿ ಹುಡುಕುತ್ತಿದ್ದರೆ, ಇವರು ರಸ್ತೆ ದಾಟಿ ಬಂದು ನಮ್ಮ ಜಗುಲಿಯ ಮೇಲೆ ಕೂತಿದ್ದರು. ಅಪ್ಪ ಬಾವಿಗೆ ಹೋಗಿ ಬರುವುದನ್ನು ನೋಡುತ್ತಾ, "ಬಲಗೈ ಬೀಸುವುದೇ ಇಲ್ಲವಲ್ಲ," ಎಂದರು. ಆಮೇಲೆ ಕೇಳಿದ್ದೇ ಕೇಳಿದ್ದು. ಸಣ್ಣವರಿದ್ದಾಗ ದೊಡ್ಡ ಜ್ವರ ಬಂದಿತ್ತೇ? ತಲೆಗೆ ಪೆಟ್ಟಾಗಿತ್ತೇ? ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ? ಕೊನೆಗೆ, "ಶುರುವಾದದ್ದು ಯಾವಾಗ?" ಎಂದರು.

ಅಪ್ಪ ಹೇಳಿದರು: "ಕಾರಣ ನೀವು ಹುಡುಕೂದು ಬ್ಯಾಡ್ರಿ. ನನಗ ಗೊತ್ತೈತಿ."

ಆಗ ಹೊರಬಿದ್ದ ಮಾತು ನನಗೂ ಹೊಸದು. ನಮ್ಮ ಸೀಮೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತಂತೆ. ಹೆಗ್ಗರಣೆ ಕಡೆಯ ಜಮೀನುದಾರನೊಬ್ಬ ಬಂದು, ತನ್ನ ಗದ್ದೆಯ ಅಂಚಿನಲ್ಲಿ ಕಾಲುದಾರಿ ಎಂದೂ ಇರಲಿಲ್ಲ ಎಂದು ಅರ್ಜಿ ಬರೆಸಿ, ಸಾಕ್ಷಿ ಎಂದು ಅಪ್ಪನ ರುಜುವನ್ನೂ ಹಾಕಿಸಿಕೊಂಡ. ಆ ದಾರಿಯಲ್ಲಿ ಅಪ್ಪ ತಾವೇ ನಡೆದಿದ್ದರು. ಆದರೂ ಬರೆದರು, ರುಜು ಹಾಕಿದರು. ದಾರಿಗೆ ಬೇಲಿ ಬಿತ್ತು. ಆಚೆಗಿದ್ದ ಒಬ್ಬ ಒಂಟಿ ಹೆಂಗಸು ಹಳ್ಳದ ನೀರಿಗೆ ಗುಡ್ಡ ಸುತ್ತಿ ಹೋಗಬೇಕಾಯಿತು.

"ಅದರ ಮರುವಾರನ ಬೆರಳು ನಡುಗಿದ್ದು. ಸುಳ್ಳು ಬರೆದ ಕೈ ನೋಡ್ರಿ," ಎಂದರು ಅಪ್ಪ.

ಡಾಕ್ಟರು ನಗಲಿಲ್ಲ. "ಈ ಕಾಯಿಲೆಯಲ್ಲಿ ಎಷ್ಟೋ ಸಲ ಕೈ ನಡುಗುವ ಮೊದಲೇ ಅಕ್ಷರ ಸಣ್ಣದಾಗುತ್ತದೆ. ನೀವು ಬರೆದ ಹಳೆಯ ಕಾಗದಗಳು ಎಲ್ಲಾದರೂ ಇವೆಯೇ?" ಎಂದು ಕೇಳಿದರು.

ಇದ್ದವು. ಅಪ್ಪ ಯಲ್ಲಾಪುರದಲ್ಲಿದ್ದ ತಮ್ಮ ತಂಗಿಗೆ ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದರು. ಮರುದಿನವೇ ಶಿರಸಿಯಲ್ಲಿ ಬಸ್ಸು ಬದಲಿಸಿ ಹೋದೆ. ಸೋದರತ್ತೆ ಕಾರ್ಡುಗಳನ್ನೆಲ್ಲ ತಂತಿಗೆ ಪೋಣಿಸಿ ದೇವರ ಗೂಡಿನ ಪಕ್ಕ ತೂಗುಹಾಕಿದ್ದಳು. ನನ್ನೊಬ್ಬಳ ಕೈಗೆ ಕೊಡಲು ಮನಸ್ಸಾಗದೆ, ತಂತಿ ಸಮೇತ ಸೆರಗಿನಲ್ಲಿ ಕಟ್ಟಿಕೊಂಡು ತಾನೂ ಹೊರಟಳು.

ಡಾಕ್ಟರು ನಮ್ಮ ಜಗುಲಿಯ ಮೇಲೆ ಕಾರ್ಡುಗಳನ್ನು ಅಂಚೆ ಮುದ್ರೆಯ ತಾರೀಕಿನಂತೆ ಸಾಲಾಗಿ ಹರಡಿದರು. ನನ್ನ ಶಾಲೆಯ ಅಳತೆಪಟ್ಟಿ ಇಟ್ಟು ಒಂದೊಂದೇ ಸಾಲು ಅಳೆದರು. ಅಳೆಯದಿದ್ದರೂ ಕಾಣುತ್ತಿತ್ತು. ಮೊದಮೊದಲಿನ ಕಾರ್ಡು ಅಂಚಿನವರೆಗೂ ತುಂಬಿರುತ್ತಿತ್ತು. ಬರಬರುತ್ತ ಸಾಲಿನ ಕೊನೆಯ ಅಕ್ಷರಗಳು ಸಾಸಿವೆಯಷ್ಟಾಗಿ, ಕೆಳಗಿನ ಅರ್ಧ ಖಾಲಿ ಉಳಿದಿತ್ತು.

ಸೋದರತ್ತೆ ಖಾಲಿ ಜಾಗದ ಮೇಲೆ ಬೆರಳಾಡಿಸಿದಳು. "ಅಣ್ಣಗ ನನ್ನ ಮ್ಯಾಲೆ ಮನಸು ಕಡಿಮಿ ಆತು, ಅದಕ್ಕ ಅರ್ಧಾ ಕಾರ್ಡು ಬರೀತಾನ ಅಂತ ತಿಳದಿದ್ನೆಪಾ. ಎಷ್ಟು ಅತ್ತೀನಿ!"

"ಹುಚ್ಚಿ, ಸುದ್ದಿ ಮೊದಲಿನಷ್ಟ ಇತ್ತು. ಅಕ್ಷರ ಸಣ್ಣ ಆಗಿದ್ವು," ಎಂದರು ಅಪ್ಪ.

ಸಣ್ಣದಾಗಲು ಶುರುವಾದದ್ದು ರಾಜ್ಯ ಬದಲಾದ ವರ್ಷದ ಕಾರ್ಡುಗಳಲ್ಲಿ. ಸುಳ್ಳು ಅರ್ಜಿಗಿಂತ ಎರಡು ವರ್ಷ ಮೊದಲು.

"ಮೆದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಚಿಕ್ಕ ಜಾಗ ಇದೆ. ಅಲ್ಲಿನ ಜೀವಕೋಶಗಳು ಸಾಯುತ್ತಾ ಬರುತ್ತವೆ," ಎಂದರು ಡಾಕ್ಟರು. "ಯಾಕೆ ಸಾಯುತ್ತವೆಂದು ನಮಗೆ ಇನ್ನೂ ಗೊತ್ತಿಲ್ಲ, ಹುಡುಕುತ್ತಿದ್ದೇವೆ. ಆದರೆ ನಿಮ್ಮ ಅರ್ಜಿಯಿಂದ ಅಲ್ಲ. ಅದು ಈ ಕಾರ್ಡುಗಳಿಂದಲೇ ಗೊತ್ತಾಯಿತಲ್ಲ."

ಅಪ್ಪ ನಿರಾಳವಾಗುತ್ತಾರೆಂದುಕೊಂಡಿದ್ದೆ. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೋಟು ಹಾಕಿಕೊಂಡು ನಿಂತರು. "ಶಿಕ್ಷೆ ಆಗೇತಿ ಅಂತ ಸುಮ್ಮನ ಕುಂತಿದ್ದೆ, ಮಗಳ. ಶಿಕ್ಷೆ ಅಲ್ಲ ಅಂದಮ್ಯಾಲೆ ಲೆಕ್ಕ ಹಂಗ ಉಳೀತಲ್ಲ. ನಡಿ."

ಹೆಗ್ಗರಣೆಯಲ್ಲಿ ಬಸ್ಸಿಳಿದು ಒಂದು ಗಂಟೆಯ ಹಾದಿಯನ್ನು ನನ್ನ ಭುಜ ಹಿಡಿದು ನಡೆದರು. ಆ ಹೆಂಗಸು ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಅಪ್ಪ ನಿಂತಲ್ಲೇ ಎಲ್ಲ ಹೇಳಿದರು. ಅವಳು ಮೊರ ಕೆಳಗಿಡಲಿಲ್ಲ.

"ನೀವು ಬರ್ದಿದ್ದು ಹೌದಾ? ನಾಕು ವರ್ಷ ಗುಡ್ಡ ಸುತ್ತಿ ನೀರು ಹೊತ್ತೆ. ಈಗ ಎಂತ ಮಾಡುವಾ ಅಂತ ಬಂದ್ರಿ?"

"ಅದು ಸುಳ್ಳು ಅಂತ ಬರೆದು ಕೊಡ್ತೀನವ್ವ."

ಅವಳು ಅಪ್ಪನ ಕೈಯನ್ನೇ ನೋಡಿದಳು. "ಈ ಕೈಲಾ?" ಎಂದಳು. ಮೊರ ಇಟ್ಟು ಒಳಗೆ ಹೋಗಿ ಚಾಪೆಯನ್ನೂ ಬೆಲ್ಲ ನೀರನ್ನೂ ತಂದಳು.

ಅಪ್ಪ ಹೇಳಿದರು, ನಾನು ಬರೆದೆ. ಕೆಳಗೆ ರುಜು ಮಾತ್ರ ಅವರದು. ಅದನ್ನು ಹಾಕಲು ಬಹಳ ಹೊತ್ತು ಹಿಡಿಯಿತು. ನಾವಿಬ್ಬರೂ ಹೆಂಗಸರು ಬೇರೆ ಕಡೆ ನೋಡುತ್ತಾ ಕೂತೆವು. ಜಮೀನುದಾರ ಮನೆಯವರೆಗೂ ಬಂದು ಬೈದು ಹೋದ. ಮುಂದಿನ ಮಳೆಗಾಲಕ್ಕೆ ಮೊದಲು ಪಂಚನಾಮೆ ಆಗಿ ಬೇಲಿ ತೆಗೆದರು.

ಕಾಯಿಲೆ ಹೋಗಲಿಲ್ಲ. ಡಾಕ್ಟರು ಮುಂಬಯಿಯಿಂದ ಕಳಿಸುತ್ತಿದ್ದ ಗುಳಿಗೆಯಿಂದ ಬಾಯಿ ಒಣಗುತ್ತಿತ್ತು, ಮೈ ಬಿಗಿತ ಕೊಂಚ ಸಡಿಲವಾಗುತ್ತಿತ್ತು, ಅಷ್ಟೇ. ಇನ್ನೂ ಆರೇಳು ವರ್ಷ ಅಪ್ಪ ನಮ್ಮೊಂದಿಗಿದ್ದರು. ಯಾವ ಪಾಪಕ್ಕೆ ಹೀಗಾಯಿತೋ ಎಂದು ಯಾರಾದರೂ ಲೊಚಗುಟ್ಟಿದರೆ, "ಮುಂಬಯ್ಯಾಗ ಹುಡುಕಾಕ್ಹತ್ಯಾರ. ಸಿಕ್ಕಕೂಡ್ಲೆ ಕಾರ್ಡು ಹಾಕ್ತಾರ," ಎಂದು ನಗುತ್ತಿದ್ದರು.