ಗೌರಕ್ಕನ ಡಬ್ಬಿ

ನಂಬದವರು ನಗಲಿ, ನನಗೇನೂ ಬೇಜಾರಿಲ್ಲ. ಆದರೆ ಆ ಹೊತ್ತು ನನ್ನ ಮೂಗಿಗೆ ಬಡಿದ ವಾಸನೆ, ಈ ಕಿವಿಯಲ್ಲೇ ಕೇಳಿದ ಸದ್ದು ಸುಳ್ಳಲ್ಲ.

ನಮ್ಮ ಗೌರಕ್ಕನಿಗೆ ಜಿಯೋಕ್ಯಾಚಿಂಗ್ ಹುಚ್ಚು. ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಜಾಗವನ್ನು ಮೊಬೈಲಿನಲ್ಲಿ ಹಾಕೋದು, ಗುರುತು ಪರಿಚಯ ಇಲ್ಲದವರು ಹುಡುಕಿಕೊಂಡು ಬರೋದು, ಇಷ್ಟೇ ಆಟ. ಡಬ್ಬಿ ಆರಿಸುವುದರಲ್ಲಿ ಮಾತ್ರ ಅವಳು ಮಹಾ ಹಟಮಾರಿ. ಲಿಂಗಸುಗೂರಿನ ಪಾತ್ರೆ ಅಂಗಡಿಯವರು ಅವಳನ್ನು ಕಂಡರೆ ನಿಟ್ಟುಸಿರು ಬಿಡುತ್ತಿದ್ದರು. ತಂದ ಡಬ್ಬಿಯೊಳಗೆ ಜೋಳದ ಹಿಟ್ಟು ಹಾಕಿ, ಮೇಲೆ ಕಲ್ಲು ಹೇರಿ, ರಾತ್ರಿಯಿಡೀ ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತಿದ್ದಳು.

"ಮುಂಜಾನೆ ಊದಿದ್ರ ಹಿಟ್ಟು ಹಾರಬೇಕು ತಮ್ಮಾ. ಮುದ್ದಿ ಆತಂದ್ರ ಆ ಡಬ್ಬಿ ಬ್ಯಾಡ."

ಕೊನೆಗೆ ಗೆದ್ದದ್ದು ಒಂದೇ. ದಪ್ಪ ಪ್ಲಾಸ್ಟಿಕ್ಕು, ಮುಚ್ಚಳದೊಳಗೆ ರಬ್ಬರ್ ಉಂಗುರ, ನಾಲ್ಕೂ ಕಡೆ ಕ್ಲಿಪ್ಪು. ಅದನ್ನು ಮಸ್ಕಿಯ ಗುಡ್ಡದಲ್ಲಿ ಇಡುವ ಮೊದಲೇ ಕಾಮಾಲೆ ಅವಳನ್ನು ಒಯ್ದಿತು.

ಡಬ್ಬಿಯಲ್ಲಿ ಅವಳ ಫೋಟೋ ಇಟ್ಟೆ. ಹುಡುಕಿ ಬಂದವರು ಅವಳ ಮುಖ ನೋಡಲಿ ಅಂತ ನನ್ನ ಆಸೆ. ನನಗೆ ಜ್ವರ ಇತ್ತು. ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುವ ಗೆಳೆಯ ಮಲ್ಲೇಶಿ, "ನಾ ಇಟ್ಟು ಬರ್ತೀನಿ, ಅಕ್ಕನ ಆಣಿ" ಅಂದ. ನಂಬಿ ಕೊಟ್ಟೆ.

ಮಳೆಗಾಲ ಕಳೆದ ಮೇಲೆ ಒಬ್ಬನೇ ನೋಡಲು ಹೋದೆ. ಗುಡ್ಡ ಹತ್ತುವಷ್ಟರಲ್ಲಿ ಕತ್ತಲು. ಮಲ್ಲೇಶಿ ಹೇಳಿದ್ದ ಬಂಡೆಯ ಸಂದಿಗೆ ಕೈ ಹಾಕಿದರೆ... ಬೆರಳಿಗೆ ಕ್ಲಿಪ್ಪೇ ಸಿಗಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಐಸ್‌ಕ್ರೀಮಿನ ಹಳೇ ಡಬ್ಬಿ! ಮುಚ್ಚಳ ಸೀಳಿಹೋಗಿತ್ತು. ಒಳಗೆ ಕೊಳೆತ ನೀರು. ಫೋಟೋದಲ್ಲಿ ಸೀರೆ ಇತ್ತು, ಮುಖ ಇರಲಿಲ್ಲ.

ಅಳುತ್ತಲೇ ಅಲ್ಲಿಂದ ಮಲ್ಲೇಶಿಗೆ ಫೋನ್ ಹಚ್ಚಿದೆ.

"ಸಿಟ್ಟಾಗಬ್ಯಾಡ ದೋಸ್ತ... ಹಟ್ಟಿ ಗಣ್ಯಾಗ ಮ್ಯಾಲಿಂದ ನೀರು ಬೀಳ್ತಾವ, ಬುತ್ತಿ ತೊಯ್ತೈತಿ. ಆ ಡಬ್ಬಿ ಗಟ್ಟಿ ಐತಿ ಅಂತ ನಾನಽ ಇಟ್ಕೊಂಡೀನಿ."

"ಆಣಿ ಮಾಡಿದ್ದ್ಯಲ್ಲಲೇ! ಅಕ್ಕನ ಮ್ಯಾಲೆ ಆಣಿ ಮಾಡಿದ್ದಿ!"

ಆಗಲೇ ಬಂತು... ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ವಾಸನೆ. ಬೆಚ್ಚಗೆ ನನ್ನ ಹೆಗಲ ಪಕ್ಕದಲ್ಲೇ ಹಾದು, ಗುಡ್ಡ ಇಳಿದು ಹೋಯಿತು. ಗಾಳಿ ಇರಲಿಲ್ಲ.

ಫೋನಿನಲ್ಲಿ ಕ್ಲಿಪ್ಪು ಬಿಚ್ಚುವ ಸದ್ದು. ಟಕ್... ಟಕ್... ಟಕ್... ಟಕ್.

"ಆ ಡಬ್ಬಿ ಮುಟ್ಟಬ್ಯಾಡಲೇ!" ಅಂದೆ.

"ನಾ ಅಂಗಳದಾಗ ನಿಂತೀನಿ..." ಅವನ ದನಿ ಸಣ್ಣಗಾಯಿತು. "ಡಬ್ಬಿ ಅಡಿಗಿಮನ್ಯಾಗ ಐತಿ. ಮನ್ಯಾಗ ಯಾರೂ ಇಲ್ಲ."

ಅವನು ಒಳಗೆ ಹೋದ. ಬಾಗಿಲು ಕಿರುಗುಟ್ಟಿದ್ದು ಕೇಳಿತು.

"ರೊಟ್ಟಿ ಇಟ್ಟಿದ್ದೆ ದೋಸ್ತ... ಈಗ ಹಿಟ್ಟೈತಿ. ಒಣಾ ಹಿಟ್ಟು. ಯಾರೋ... ಯಾರೋ ಊದಾಕತ್ತಾರ..."

ಮರುದಿನ ಮಲ್ಲೇಶಿ ಡಬ್ಬಿಯನ್ನು ನಮ್ಮ ಕಟ್ಟೆಯ ಮೇಲಿಟ್ಟು, ಮುಖ ತೋರಿಸದೆ ಹೋದ. ಅದು ನನ್ನ ಕಪಾಟಿನಲ್ಲಿದೆ. ತೆರೆಯುವ ಧೈರ್ಯ ಇನ್ನೂ ಬಂದಿಲ್ಲ.

ಮಲ್ಲೇಶಿಯ ಮೋಸವನ್ನು ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಬೇರೆ. ಕತ್ತಲಲ್ಲಿ ಅಳುತ್ತ ನಿಂತ ತಮ್ಮನ ಪಕ್ಕದಲ್ಲೇ ಹಾದು ಹೋದೆಯಲ್ಲ ಅಕ್ಕಾ, ನನಗೆ ಒಂದು ಮಾತೂ ಆಡದೆ ಡಬ್ಬಿ ಇದ್ದ ಮನೆಗೇ ಹೋದೆಯಲ್ಲ.