ಸುಣ್ಣದ ಗೆರೆ

ಅವರ ಬಲಗೈಯ ಬೆರಳುಗಳೆಲ್ಲ ಕಪ್ಪು, ತೋರುಬೆರಳಿನ ತುದಿ ಮಾತ್ರ ಬಿಳಿ. ಕಪ್ಪು ಗ್ರೀಸಿನದು, ಬಿಳಿ ಎಲೆಅಡಿಕೆಯ ಸುಣ್ಣದ್ದು. ತೆಕ್ಕಟ್ಟೆಯಲ್ಲಿ ಹೆದ್ದಾರಿಯ ಪಕ್ಕ ತಗಡಿನ ಮಾಡಿನ ಕೆಳಗೆ ಕೆಲಸ ಮಾಡುತ್ತಿದ್ದ ಅವರನ್ನು ಎಲ್ಲರೂ ಗ್ಯಾರೇಜಿನವರು ಎಂದೇ ಕರೆಯುತ್ತಿದ್ದರು. ಮುಂಬಯಿಯಲ್ಲಿ ಟ್ಯಾಕ್ಸಿಗಳನ್ನು ಬಿಚ್ಚಿ ಕಟ್ಟಿ ಕೆಲಸ ಕಲಿತು ಊರಿಗೆ ಮರಳಿದವರು.

ನಾನು ಬೈಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತೊಂಬತ್ತರ ದಶಕದ ಕೊನೆಗೆ ಒಂದು ಹಳೆಯ ಪೆಟ್ರೋಲ್ ಅಂಬಾಸಿಡರ್ ಕೊಂಡೆ. ಬಯಲಿನಲ್ಲಿ ಅದು ಸಾಧು, ಏರು ಕಂಡರೆ ಮೊಂಡ. ಹೆಂಡತಿಯ ತವರು ಅಮಾಸೆಬೈಲಿನಲ್ಲಿ, ಅಂದರೆ ದಾರಿಯೆಲ್ಲ ಏರೇ. ನಾವು ಹೊರಡುವ ದಿನ ಭಾವಮೈದ ಫೋನಿನಲ್ಲಿ ಕೇಳುತ್ತಿದ್ದ: "ಭಾವ, ದೂಡುಕೆ ಜನ ಕಳ್ಸುದಾ?"

ಯಾರೋ ಹೇಳಿದರೆಂದು ಗಾಡಿಯನ್ನು ಗ್ಯಾರೇಜಿನವರಲ್ಲಿಗೆ ಒಯ್ದೆ. ನಾನು ರೋಗ ವಿವರಿಸಲು ಬಾಯಿ ತೆರೆದರೆ ಕೈ ಎತ್ತಿ ತಡೆದರು.

"ನೀವ್ ಸುಮ್ನಿರಿ ಮಾಷ್ಟ್ರೆ, ಅದೇ ಹೇಳತ್ತ್."

ಎಂಜಿನ್ ಚಾಲೂ ಇಟ್ಟು, ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಆಮೇಲೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿದರು. ಕಿಡಿ ತಡವಾದರೆ ಎಂಜಿನ್ನಿಗೆ ಬಲವಿಲ್ಲ, ಬೇಗವಾದರೆ ಮೇಲೆ ಬರುತ್ತಿರುವ ಪಿಸ್ಟನ್ನಿಗೇ ಪೆಟ್ಟು. ಇದನ್ನು ನಾನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆ. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರು ಹತ್ತಿಸಿ ಕಿವಿಗೊಟ್ಟರು. "ಒಗ್ಗರಣಿ ಸದ್ದ್ ಕೇಂಬುಕಾಗ," ಎಂದರು. ಆ ಸದ್ದು ಕೇಳಬಾರದು: ಕಿಡಿ ಬೇಗವಾದ ಎಂಜಿನ್ ಏರಿನಲ್ಲಿ ಸಾಸಿವೆಯ ಹಾಗೆ ಸಿಡಿಯುತ್ತದೆ.

ಎಲ್ಲ ಮುಗಿದ ಮೇಲೆ ಬಿಳಿ ಬೆರಳಿನಿಂದ ಡಿಸ್ಟ್ರಿಬ್ಯೂಟರಿನಿಂದ ಎಂಜಿನ್ನಿನವರೆಗೆ ಸುಣ್ಣದ ಒಂದು ಗೆರೆ ಎಳೆದರು. ಯಾರಾದರೂ ತಿರುಗಿಸಿದರೆ ಗೆರೆ ಎರಡು ತುಂಡಾಗುತ್ತದೆ. "ಇದನ್ನ್ ತಿರ್ಗ್ಸುಕಾಗ. ಹ್ಯಾಂಡಲ್ ಹೊಡಿವತ್ತಿಗೆ ಹೆಬ್ಬೆರಳ್ ಒಳಗ್ ಹಾಕುಕಾಗ," ಎಂದರು. ಬ್ಯಾಟರಿ ಸೋತಾಗ ಎಂಜಿನ್ನನ್ನು ಮುಂದಿನಿಂದ ಕೈಯಲ್ಲೇ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಅದು.

ಗಾಡಿ ಅಮಾಸೆಬೈಲು ಹತ್ತಿತು, ಆದರೆ ಮೆಲ್ಲಗೆ. ಭಾವಮೈದನ ಬಾಯಿ ಮುಚ್ಚಲಿಲ್ಲ. ನನ್ನಲ್ಲಿದ್ದ ಪುಸ್ತಕದಲ್ಲಿ ಕಿಡಿಯ ಟೈಮಿಂಗ್ ಇನ್ನೂ ಸ್ವಲ್ಪ ಮುಂದಿತ್ತು, ಅಂದರೆ ಕಿಡಿ ಇನ್ನೂ ಬೇಗ. ಇವರು ಓದಿದವರಲ್ಲ, ನಾನು ಓದಿದವನು! ಒಂದು ಭಾನುವಾರ ಬೆಳಿಗ್ಗೆ ಯಾರಿಗೂ ಹೇಳದೆ ಬೋಲ್ಟು ಸಡಿಲಿಸಿ ತಿರುಗಿಸಿದೆ. ಗಾಡಿ ಹಾರಿಕೊಂಡು ಏರು ಹತ್ತಿತು. ಸಾಸಿವೆ ಸಿಡಿಯುವುದು ಕೇಳಿಸಿತು. ನಾನು ಟೇಪ್ ರೆಕಾರ್ಡರಿನ ಸದ್ದು ದೊಡ್ಡದು ಮಾಡಿದೆ.

ಮರುದಿನ ಬೆಳಿಗ್ಗೆ ಬ್ಯಾಟರಿ ಸೋತಿತ್ತು. ಶಾಲೆಗೆ ಹೊತ್ತಾಯಿತೆಂದು ಹ್ಯಾಂಡಲ್ ಹಾಕಿ, ಹೆಬ್ಬೆರಳು ಒಳಗೆ ಸೇರಿಸಿ ಗಟ್ಟಿಯಾಗಿ ಹಿಡಿದು ತಿರುಗಿಸಿದೆ. ಕಿಡಿ ಬೇಗ ಬಿದ್ದು ಎಂಜಿನ್ ಹಿಂದಕ್ಕೆ ಒದೆಯಿತು, ಹ್ಯಾಂಡಲ್ ತಿರುಗಿ ಬಡಿಯಿತು. ಬಲಗೈಯ ಮಣಿಕಟ್ಟು ಮುರಿಯಿತು.

ಹೆಂಡತಿ ಸಿಟ್ಟಿನಲ್ಲಿ ಗ್ಯಾರೇಜಿನ ಪಕ್ಕದ ಅಂಗಡಿಗೆ ಫೋನ್ ಮಾಡಿದಳು. ಸಂಜೆಯೊಳಗೆ ಅವರು ಬಸ್ಸು ಹಿಡಿದು ಬಂದೇಬಿಟ್ಟರು. "ನಿಮ್ಮನ್ ನಂಬಿ ಗಾಡಿ ಕೊಟ್ರೆ ಹೀಂಗ್ ಮಾಡುದಾ?" ಎಂದು ಅವಳು ಅಂಗಳದಲ್ಲೇ ಕೇಳಿದಳು. ಅವರು ಬಾನೆಟ್ ಎತ್ತಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಸುಣ್ಣದ ಗೆರೆ ಎರಡು ತುಂಡಾಗಿತ್ತು, ನಡುವೆ ಒಂದು ಅಕ್ಕಿಕಾಳಿನಷ್ಟು ಅಂತರ.

ಅವರು ನನ್ನ ಮುಖ ನೋಡಿದರು. ನಾನು ನನ್ನ ಬ್ಯಾಂಡೇಜು ನೋಡಿಕೊಂಡೆ. ಅವರು ಹೆಬ್ಬೆರಳಿನಿಂದ ಗೆರೆಯ ಎರಡೂ ತುಂಡುಗಳನ್ನು ಒರೆಸಿ ಅಳಿಸಿದರು.

"ನಂದೇ ತಪ್ಪ್ ಅಕ್ಕ," ಎಂದರು. "ಟೈಮಿಂಗ್ ಒಂಚೂರ್ ಮುಂದ್ ಹೋಯಿತ್."

ಆ ಮಾತು ನಮ್ಮ ಅಂಗಳದಲ್ಲಿ ನಿಲ್ಲಲಿಲ್ಲ. ಬೈಂದೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಚಾಲಕನೊಬ್ಬ ನನ್ನ ಕೈ ತೋರಿಸಿ, "ಅವ್ರ್ ಟೈಮಿಂಗ್ ಇಟ್ರೆ ಹೀಂಗೇ ಆಪ್ದ್," ಎಂದ. ಅವರಲ್ಲಿಗೆ ಹೋಗುತ್ತಿದ್ದ ಕೆಲವರು ಹೋಗುವುದನ್ನೇ ಬಿಟ್ಟರು. ಸ್ಟ್ಯಾಂಡಿನಲ್ಲಿ ಆ ಮಾತು ಬಂದಾಗ ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ವಿಜ್ಞಾನದ ಮೇಷ್ಟ್ರಿಗೆ ಅಷ್ಟೂ ಗೊತ್ತಿಲ್ಲವೇ ಎಂದು ಊರು ನಗುತ್ತದೆಂಬ ಭಯ.

ಅವರು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಗಾಡಿ ಒಯ್ದಾಗಲೆಲ್ಲ ಅದೇ ಅಂಗೈ, ಅದೇ ಗೆರೆ. ಎರಡು ಸಲ ಹೇಳಲು ಹೊರಟೆ. ಎರಡು ಸಲವೂ ಅವರು "ಇವತ್ತ್ ಬಂಗುಡೆ ಲಾಯ್ಕಿತ್ತ್ ಅಂಬ್ರ್, ತಕಂಡ್ ಹೋಯ್ನಿ," ಎಂದು ಮಾತನ್ನು ಮೀನಿನ ಕಡೆಗೆ ತಿರುಗಿಸಿದರು. ಬರಬರುತ್ತಾ ಉಳಿದ ಪೆಟ್ರೋಲ್ ಅಂಬಾಸಿಡರುಗಳಿಗೂ ಕಿಡಿ ಬೇಡದ ಡೀಸೆಲ್ ಎಂಜಿನ್ ಬಂತು, ಕಿಡಿಯ ಕೆಲಸವೇ ಕಡಿಮೆಯಾಯಿತು. ಕೊನೆಕೊನೆಗೆ ಅವರು ಸ್ಕೂಟರುಗಳನ್ನು ರಿಪೇರಿ ಮಾಡುತ್ತಿದ್ದರು.

ಒಂದು ಮಳೆಗಾಲದ ಆರಂಭದಲ್ಲಿ, ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ದಿನ ಊಟ ಮುಗಿದ ಮೇಲೆ ಅವರ ಹೆಂಡತಿಯನ್ನು ಬದಿಗೆ ಕರೆದು ಎಲ್ಲ ಹೇಳಿದೆ. ಆಕೆ ತಲೆ ಅಲ್ಲಾಡಿಸಿದರು.

"ಅವ್ರ್ ಅವತ್ತೇ ಹೇಳಿರ್. 'ಯಾರಿಗೂ ಹೇಳ್ಬೇಡ, ಮಾಷ್ಟ್ರು ನಾಳೆ ಮಕ್ಕಳ ಎದ್ರ್ ನಿಲ್ಕ್ ಅಲ್ದಾ' ಅಂದಿರ್."

ನನ್ನ ಮುಖ ಉಳಿಸಲು ಅವರು ತಮ್ಮ ಕೈಯ ಹೆಸರು ಕಳೆದುಕೊಂಡರು. ಆ ಸ್ಟ್ಯಾಂಡಿನ ಹಳೆಯ ಚಾಲಕರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಅಂದು ಆಡಬೇಕಾಗಿದ್ದ ಮಾತು ಇಷ್ಟೇ: ಗ್ಯಾರೇಜಿನವರು ಇಟ್ಟ ಟೈಮಿಂಗ್ ಸರಿಯಾಗಿಯೇ ಇತ್ತು. ತಿರುಗಿಸಿದ್ದು ನಾನು.